ಊಟ ಬದಲಾಯಿಸಿದ ಮೇಲೆ ನಾಯಿಗೆ ಭೇದಿ: ಪಶುವೈದ್ಯರ ಉತ್ತರ

ಪ್ರಶ್ನೆ (ಸಿದ್ದಾಪುರ): ನಮಸ್ಕಾರ ಡಾಕ್ಟ್ರೇ. ನಮ್ಮ ಲ್ಯಾಬ್ರಡಾರ್‌ಗೆ ಎರಡು ವರ್ಷ. ಮರಿಯಿಂದ ಅನ್ನ, ಕೋಳಿ ಸಾರು ತಿಂದವನು. ಮೊನ್ನೆ ಒಮ್ಮೆಗೇ ಪ್ಯಾಕೆಟ್‌ನ ಒಣ ಆಹಾರ ಶುರು ಮಾಡಿದೆವು. ಮಾರನೇ ದಿನದಿಂದ ತೆಳ್ಳಗೆ ಭೇದಿ, ಒಂದು ಸಲ ವಾಂತಿ. ಓಡಾಡುತ್ತಾನೆ, ನೀರು ಕುಡಿಯುತ್ತಾನೆ. ನಮಗೆ ಅಂತ ತಂದಿಟ್ಟ ಭೇದಿ ನಿಲ್ಲಿಸುವ ಮಾತ್ರೆ ಅರ್ಧ ಕೊಡಬಹುದಾ? ಈ ಆಹಾರ ಅವನಿಗೆ ಆಗಲ್ವಾ?

ಉತ್ತರ: ಮಾತ್ರೆ ದಯವಿಟ್ಟು ಬೇಡ. ಸೋಂಕಿನ ಭೇದಿಯಾಗಿದ್ದರೆ ಹೊರಗೆ ಹೋಗಬೇಕಾದದ್ದು ಒಳಗೇ ಉಳಿಯುತ್ತದೆ. ನಮ್ಮ ಪ್ಯಾರಾಸಿಟಮಾಲ್, ನೋವಿನ ಮಾತ್ರೆಗಳೂ ನಾಯಿಗೆ ಅಪಾಯ.

ಆಹಾರ ಕೆಟ್ಟದ್ದು ಅಂತ ಈಗಲೇ ಹೇಳಲಾಗದು. ಕರುಳಿನ ಬ್ಯಾಕ್ಟೀರಿಯಾ ಇಷ್ಟು ದಿನ ಅನ್ನ, ಸಾರಿಗೆ ಒಗ್ಗಿತ್ತು. ಹೊಸದು ದಿಢೀರನೆ ಬಂದರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಉಳಿದದ್ದು ಕರುಳಿಗೆ ನೀರು ಎಳೆದುಕೊಳ್ಳುತ್ತದೆ, ಅದೇ ಭೇದಿ.

ಒಂದು ಹೊತ್ತು ಊಟ ಬಿಡಿಸಿ, ನೀರು ಮಾತ್ರ ಸದಾ ಇರಲಿ. ಆಮೇಲೆ ಮೆತ್ತಗೆ ಬೇಯಿಸಿದ ಅನ್ನ ಎರಡು ಪಾಲು, ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿ ಒಂದು ಪಾಲು. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿಯಂತೂ ಬೇಡವೇ ಬೇಡ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಮಲ ಗಟ್ಟಿಯಾದ ಮೇಲೆ ಈ ಅನ್ನ ಮುಕ್ಕಾಲು, ಪ್ಯಾಕೆಟ್ ಕಾಲು ಭಾಗ ಬೆರೆಸಿ. ಎರಡು ಮೂರು ದಿನಕ್ಕೊಮ್ಮೆ ಪ್ಯಾಕೆಟ್ ಪಾಲು ಹೆಚ್ಚಿಸುತ್ತಾ ಹೋಗಿ. ಪೂರ್ತಿ ಬದಲಾಗಲು 7ರಿಂದ 10 ದಿನ ಬೇಕು.

ಇನ್ನೊಂದು ವಿಷಯ. ನಿಮ್ಮ ಕಡೆ ಕಾಫಿ ಗಿಡಕ್ಕೆ ಬೋರ್ಡೋ (ಶಿಲೀಂಧ್ರ ರೋಗಕ್ಕೆ ಹೊಡೆಯುವ ದ್ರಾವಣ) ಹೊಡೆಯುತ್ತಿದ್ದರೆ, ಆ ಡ್ರಮ್ಮಿನ ನೀರು ನೆಕ್ಕಿರಬಹುದಾ ನೋಡಿ. ಅದರಲ್ಲಿ ಮೈಲುತುತ್ತ (ಕಾಪರ್ ಸಲ್ಫೇಟ್) ಇರುತ್ತದೆ, ವಾಂತಿ ಹಸಿರು ನೀಲಿ ಬಣ್ಣಕ್ಕೆ ಬರಬಹುದು. ಹಾಗಿದ್ದರೆ ಅನ್ನ, ಕೋಳಿ ಅಂತ ಕಾಯದೆ ತಕ್ಷಣ ಕರೆತನ್ನಿ. ಮಲದಲ್ಲಿ ರಕ್ತ ಕಂಡರೆ, ಪದೇ ಪದೇ ವಾಂತಿಯಾದರೆ, ಒಸಡು ಬಿಳಿಚಿದರೆ ಕೂಡ ಹಾಗೇ. ನಮ್ಮಲ್ಲಿ ನಾಯಿಯ ರಕ್ತ ಹೀರುವ ಉಣ್ಣೆ ಹುಳ ಜಾಸ್ತಿ. ಉಣ್ಣೆ ಜ್ವರದಲ್ಲೂ ಒಸಡು ಬಿಳಿಚುತ್ತದೆ, ಊಟ ಸೇರದು.

ಪ್ರಶ್ನೆ (ಗೋಣಿಕೊಪ್ಪ): ಕೈಲ್ ಪೊಳ್ದ್ (ಕೊಡವರ ಆಯುಧ ಹಬ್ಬ) ದಿನ ಮಿಕ್ಕ ಪಂದಿ ಕರಿ (ಹಂದಿ ಮಾಂಸದ ಸಾರು) ಹಾಕಿದರೂ ಹೀಗೇ ಆಗುತ್ತಾ ಡಾಕ್ಟ್ರೇ?

ಉತ್ತರ: ಇದಕ್ಕಿಂತ ಕೆಟ್ಟದ್ದಾಗಬಹುದು. ಅಷ್ಟು ಕೊಬ್ಬು ಒಮ್ಮೆಗೇ ಒಳಗೆ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ನಿಂತರೆ ಹೊಟ್ಟೆನೋವು ಜೋರಾಗಿದೆ ಅಂತ ತಿಳಿಯಿರಿ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಹುದು. ಹಬ್ಬದ ದಿನ ಅವನಿಗೂ ಏನಾದರೂ ಕೊಡಬೇಕು ಅನಿಸುತ್ತದೆ, ಗೊತ್ತು. ಮಸಾಲೆ ಹಾಕುವ ಮೊದಲೇ ಕೊಬ್ಬಿಲ್ಲದ ಎರಡು ತುಂಡು ಬೇಯಿಸಿ ತೆಗೆದಿಡಿ.

ಪ್ರಶ್ನೆ (ಸೋಮವಾರಪೇಟೆ): ನಮ್ಮದು ಮೂರು ತಿಂಗಳ ಮರಿ ಸರ್. ಹೊಸ ಆಹಾರ ಕೊಟ್ಟ ಮೇಲೆ ಭೇದಿ. ಲಸಿಕೆ ಹಾಕಿಸಿಲ್ಲ. ಇವತ್ತು ಮಂಕಾಗಿದೆ. ಇದಕ್ಕೂ ಒಂದು ಹೊತ್ತು ಬಿಡಿಸಬಹುದಾ?

ಉತ್ತರ: ಬೇಡ, ಮರಿಗೆ ಉಪವಾಸ ಮಾಡಿಸಬೇಡಿ. ಇದು ಆಹಾರದ್ದೇ ಅಂತ ಅಂದುಕೊಳ್ಳಲೂ ಬೇಡಿ. ಲಸಿಕೆ ಇಲ್ಲದ ಮರಿ ಮಂಕಾಗಿ ಭೇದಿ ಮಾಡುತ್ತಿದ್ದರೆ ನನಗೆ ಮೊದಲು ಪಾರ್ವೋ (ಮರಿಗಳ ಜೀವಕ್ಕೇ ಅಪಾಯ ತರುವ, ಹರಡುವ ವೈರಸ್ ರೋಗ) ಭಯ. ಇವತ್ತೇ ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡ್ರಿಪ್ ಬೇಕಾಗಬಹುದು. ಬೇರೆ ನಾಯಿಗಳ ಹತ್ತಿರ ಬಿಡಬೇಡಿ. ಮಲ ಬಿದ್ದ ಜಾಗವನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯಿರಿ, ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.