ನಿಂತ ಗಾಡಿಯ ಕಾರ್ಬೋರೇಟರಿನಲ್ಲಿ ಕಟ್ಟುವುದು ಮಡ್ಡಿಯೋ, ಗಸಿಯೋ, ಅರಗೋ?

ಶೆಡ್ಡಿನಲ್ಲಿ ನಿಂತುಹೋದ ಹಳೆಯ ಯೆಜ್ಡಿ ಬೈಕುಗಳನ್ನು ಮತ್ತೆ ಓಡಿಸಬೇಕು ಅನ್ನುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅವನ್ನು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಇವೆ, ಪ್ರೀತಿಯಿಂದ ಇಟ್ಟುಕೊಂಡವರೂ ಇದ್ದಾರೆ.

ಹೆಚ್ಚಿನ ಪದಗಳಿಗೆ ತೊಂದರೆ ಇಲ್ಲ. ಕಿಕ್ಕರ್, ಚೋಕ್, ಪ್ಲಗ್, ಪಾಯಿಂಟ್ ಎಲ್ಲರ ಬಾಯಲ್ಲೂ ಇವೆ. ಟ್ಯಾಂಕಿನೊಳಗೆ ಹಿಡಿಯುವುದು ತುಕ್ಕು, ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆಯ ಜೆಟ್ಟಿಗೆ ಹಿಡಿಯುವುದು ಕಿಲುಬು. (ಈಗೀಗ ಎರಡಕ್ಕೂ ತುಕ್ಕು ಅಂತಲೇ ಬರೆಯುತ್ತಾರೆ. ಇಷ್ಟು ಒಳ್ಳೆಯ ವ್ಯತ್ಯಾಸವನ್ನು ಸುಮ್ನೆ ಬಿಟ್ಟುಕೊಡಬಾರದು.) ಜೆಟ್ಟಿನ ತೂತು ಮುಚ್ಚಿದರೆ 'ಜೆಟ್ ಕಟ್ಟಿದೆ' ಅನ್ನುತ್ತೇವೆ, ಮೂಗು ಕಟ್ಟಿದ ಹಾಗೆ.

ಕಟ್ಟಿದ್ದು ಏನು? ಅದರ ಹೆಸರೇ ನನಗೆ ಸಿಗುತ್ತಿಲ್ಲ.

ಹಳೆಯ ಯೆಜ್ಡಿ ಟೂ-ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ತಿಂಗಳುಗಟ್ಟಲೆ ನಿಂತರೆ ಪೆಟ್ರೋಲ್ ಆರಿ, ಆಯಿಲ್ ಕಾರ್ಬೋರೇಟರಿನ ಬಟ್ಟಲ ತಳದಲ್ಲಿ ಉಳಿಯುತ್ತದೆ. ಬೆರಳಿಗೆ ಜಾರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಇದಕ್ಕೆ ಮಡ್ಡಿ ಅನ್ನಬಹುದು. ಎಣ್ಣೆ ಡಬ್ಬದ ತಳದಲ್ಲಿ ಉಳಿಯುವುದಕ್ಕೂ ಅದೇ ಮಾತು ಅಲ್ವಾ?

ಆದರೆ ಪೆಟ್ರೋಲ್ ಕೂಡ ಪೂರ್ತಿ ಆರಿಹೋಗುವುದಿಲ್ಲ. ಹಗುರವಾದದ್ದು ಮೊದಲು ಹಾರುತ್ತದೆ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಮೊದಲು ಅಂಟಾಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಬಟ್ಟಲನ್ನು ಬಿಸಿಲಿಗೆ ಹಿಡಿದರೆ ಕಂದು ಬಣ್ಣದ ತೆಳು ಪದರ ಮಿಂಚುತ್ತದೆ. ಉಗುರಲ್ಲಿ ಕೆರೆದರೂ ಏಳುವುದಿಲ್ಲ. ಹೊಸ ಪೆಟ್ರೋಲಿನಲ್ಲಿ ನೆನೆಸಿದರೂ ಸುಲಭಕ್ಕೆ ಬಿಡುವುದಿಲ್ಲ, ಕಾರ್ಬೋರೇಟರ್ ಕ್ಲೀನರ್ ಬೇಕು. ಪೈಲಟ್ ಜೆಟ್ಟಿನ (ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಸಣ್ಣ ಜೆಟ್) ಕೂದಲೆಳೆಯಷ್ಟು ತೂತಿನಲ್ಲಿ ಇದು ಕೂತರೆ ಗಾಡಿ ಚೋಕಿನಲ್ಲಿ ಸ್ಟಾರ್ಟ್ ಆಗುತ್ತದೆ, ಚೋಕ್ ತೆಗೆದ ಕೂಡಲೇ ಆಫ್.

ಇದಕ್ಕೂ 'ಮಡ್ಡಿ ತೆಗೆಯಿರಿ' ಅಂತ ಬರೆದರೆ ಓದಿದವರು ಬಟ್ಟೆ ಹಿಡಿಯುತ್ತಾರೆ. ಅದು ಆಗದಿದ್ದರೆ ಸೂಜಿ ಹಾಕಿ ಚುಚ್ಚುತ್ತಾರೆ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಅಗಲವಾದರೆ ಜೆಟ್ ಕೆಟ್ಟ ಹಾಗೇ. ಅದಕ್ಕೇ ಬೇರೆ ಹೆಸರು ಬೇಕು.

ಗ್ಯಾರೇಜುಗಳಲ್ಲಿ 'ಕಸ' ಅಥವಾ 'ಗಮ್' ಅನ್ನುತ್ತಾರೆ. ಕಸ ಅಂದರೆ ಹೊರಗಿನಿಂದ ಬಂದದ್ದು ಅನ್ನಿಸುತ್ತದೆ. ಜಿಡ್ಡು ಅಂದರೆ ಒರೆಸಿದರೆ ಹೋಗುವಂಥದ್ದು. ಗಸಿ, ತುಪ್ಪದ ಗಸಿ ಅನ್ನುತ್ತೇವಲ್ಲ, ಅದು ತಳಕ್ಕೆ ಇಳಿದದ್ದು. ಇದು ಗೋಡೆಗೂ ಹತ್ತಿಕೊಂಡಿರುತ್ತದೆ.

ನನ್ನ ಮನಸ್ಸು 'ಅರಗು' ಕಡೆ ವಾಲುತ್ತಿದೆ. ಅದೇ ಕಂದು, ಅದೇ ಹೊಳಪು, ಅದೇ ಗಟ್ಟಿತನ. 'ಜೆಟ್ಟಿಗೆ ಅರಗು ಕಟ್ಟಿದೆ' ಅಂದರೆ ಕರಗಿಸಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ಒಂದೇ ಅಳುಕು: 'ಅರಗಿದೆ' ಅಂತ ಕ್ರಿಯಾಪದ ಮಾಡಿದರೆ ಊಟ ಜೀರ್ಣವಾದ ಅರ್ಥ ಬರುತ್ತದೆ. ಹಾಗಾಗಿ ಯಾವಾಗಲೂ 'ಅರಗು ಕಟ್ಟು' ಅಂತಲೇ ಬಳಸಬೇಕಾದೀತು.

ನಿಮ್ಮ ಊರಿನ ಮೆಕ್ಯಾನಿಕ್‌ಗಳ ಬಾಯಲ್ಲಿ ಇದಕ್ಕೆ ಬೇರೆ ಮಾತಿದೆಯೇ? ಉತ್ತರ ಕರ್ನಾಟಕದವರಿಗೆ ಮಡ್ಡಿ ಅಂದರೆ ಮೊದಲು ಕಲ್ಲುನೆಲ ನೆನಪಾಗುತ್ತದೆಯೋ, ಎಣ್ಣೆಯ ತಳವೋ? ಕರಾವಳಿಯಲ್ಲಿ ಗಸಿ ಅಂದರೆ ಅಡುಗೆ, ಹಾಗಾದರೆ ತಳಕ್ಕಿಳಿದದ್ದಕ್ಕೆ ಅಲ್ಲಿ ಏನನ್ನುತ್ತಾರೆ? ವಾಕ್ಯದ ಸಮೇತ ಬರೆದರೆ ತುಂಬ ಉಪಕಾರ.