ಹಮ್ಮುರಾಬಿಯ ಕಟ್ಟಳೆಗಳಲ್ಲಿ ಬರುವ ‘ಮುಶ್ಕೇನುಮ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕಿತ್ತು. ಹಮ್ಮುರಾಬಿಯ ಕಟ್ಟಳೆಗಳಲ್ಲಿ ಕೆಲವನ್ನು ಹೈಸ್ಕೂಲ್ ಮಕ್ಕಳು ಓದುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಮುಶ್ಕೇನುಮ್’ ಅನ್ನುವ ಅಕ್ಕಾಡಿಯನ್ (ಆಗಿನ ಬ್ಯಾಬಿಲೋನಿನ ಭಾಷೆ) ಪದ ಬಂದಾಗಲೆಲ್ಲ ಕೈ ನಿಂತುಬಿಡುತ್ತದೆ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಹಮ್ಮುರಾಬಿ ಈಗಿನ ಇರಾಕಿನಲ್ಲಿದ್ದ ಬ್ಯಾಬಿಲೋನನ್ನು ಆಳಿದ್ದು ಸುಮಾರು ಕ್ರಿ.ಪೂ. 1792ರಿಂದ 1750ರವರೆಗೆ. ಅವನ ಕಟ್ಟಳೆಗಳನ್ನು ಕೊರೆದ ಕಪ್ಪು ಕಲ್ಲು ಎರಡು ಮೀಟರಿಗಿಂತ ಎತ್ತರವಿದೆ. ಪಕ್ಕದ ಎಲಾಮ್ ರಾಜ್ಯದ ದೊರೆಯೊಬ್ಬ ಅದನ್ನು ದೋಚಿಕೊಂಡು ಹೋಗಿದ್ದರಿಂದ 1901-02ರಲ್ಲಿ ಅದು ಸಿಕ್ಕಿದ್ದು ಇರಾನಿನ ಸೂಸಾದಲ್ಲಿ. ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಮೂರು ದರ್ಜೆಯ ಜನ ಬರುತ್ತಾರೆ: ಅವೀಲುಮ್, ಮುಶ್ಕೇನುಮ್, ವರ್ದುಮ್. ಅವೀಲುಮ್ ಅಂದರೆ ಬರೀ ‘ಮನುಷ್ಯ’ ಅಂತಲೂ ಹೌದು, ಪೂರ್ತಿ ಹಕ್ಕುಳ್ಳ ಮೇಲಿನವನು ಅಂತಲೂ ಹೌದು. ವರ್ದುಮ್ ಅಂದರೆ ಗುಲಾಮ. ಹೆಣ್ಣಾದರೆ ಅಮ್ತುಮ್, ಅದಕ್ಕೆ ನಮ್ಮ ‘ತೊತ್ತು’ ಚೆನ್ನಾಗಿ ಹೊಂದುತ್ತದೆ. ತೊಡಕೆಲ್ಲ ನಡುವಿನವನದ್ದೇ.

ಈ ನಡುವಿನವನನ್ನು ಬಿಟ್ಟರೆ ಇಡೀ ಕಲ್ಲಿನ ಅರ್ಥವೇ ಕೆಡುತ್ತದೆ, ಅದಕ್ಕೇ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ. ‘ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು’ ಅಂತ ಎಲ್ಲರ ಬಾಯಲ್ಲೂ ಇದೆ, ಅಲ್ವಾ? ಆದರೆ ಅದು ಅವೀಲುಮ್ ಇನ್ನೊಬ್ಬ ಅವೀಲುಮ್‌ನ ಕಣ್ಣು ಕಿತ್ತಾಗ ಮಾತ್ರ. ಅದೇ ಅವೀಲುಮ್ ಒಬ್ಬ ಮುಶ್ಕೇನುಮ್‌ನ ಕಣ್ಣು ಕಿತ್ತರೆ ಒಂದು ಮಿನಾ ಬೆಳ್ಳಿ, ಅಂದರೆ ಸುಮಾರು ಅರ್ಧ ಕೇಜಿ, ತೂಗಿ ಕೊಟ್ಟರೆ ಮುಗಿಯಿತು. ಗುಲಾಮನ ಕಣ್ಣಾದರೆ ಗುಲಾಮನ ಬೆಲೆಯಲ್ಲಿ ಅರ್ಧ. ವೈದ್ಯನ ಕೂಲಿಯಲ್ಲೂ ಹೀಗೇ ಇಳಿಯುತ್ತಾ ಬರುತ್ತದೆ. ಕಂಚಿನ ಚೂರಿಯಿಂದ ಕೊಯ್ದು ಅವೀಲುಮ್‌ನ ಜೀವ ಉಳಿಸಿದರೆ 10 ಶೆಕೆಲ್ ಬೆಳ್ಳಿ, ಮುಶ್ಕೇನುಮ್‌ನದಾದರೆ 5, ಗುಲಾಮನದಾದರೆ ಅವನ ಒಡೆಯ ಕೊಡಬೇಕಾದ್ದು 2. ಅರವತ್ತು ಶೆಕೆಲ್ ಸೇರಿದರೆ ಒಂದು ಮಿನಾ. ಅಂದರೆ ಮನುಷ್ಯನ ದರ್ಜೆಯನ್ನು ತಕ್ಕಡಿಯಲ್ಲಿಟ್ಟು ತೂಗಿದ ಕಟ್ಟಳೆ ಇದು. ಮಕ್ಕಳಿಗೆ ಇದು ಗೊತ್ತಾಗಲೇಬೇಕು ಅನ್ನೋದು ನನ್ನ ಆಸೆ.

ಸರಿ, ಏನನ್ನೋಣ? ಮೊದಲು ನೆನಪಾಗುವುದು ‘ಬಡವ’. ಅದು ನಿಲ್ಲೋದಿಲ್ಲ. 15ನೇ ಕಟ್ಟಳೆ ನೋಡಿ: ಅರಮನೆಯ ಗುಲಾಮನನ್ನೋ ಮುಶ್ಕೇನುಮ್‌ನ ಗುಲಾಮನನ್ನೋ ಊರಬಾಗಿಲು ದಾಟಿಸಿದವನಿಗೆ ಸಾವೇ ಶಿಕ್ಷೆ. ಆಳುಕಾಳು ಇಟ್ಟುಕೊಂಡವನನ್ನು ಬಡವ ಅಂದರೆ ಯಾರು ನಂಬುತ್ತಾರೆ? ಹಮ್ಮುರಾಬಿಗಿಂತ ಸ್ವಲ್ಪ ಹಿಂದಿನ, ಅಲ್ಲೇ ಹತ್ತಿರದ ಎಶ್ನುನ್ನಾ ರಾಜ್ಯದ ಕಟ್ಟಳೆಗಳಲ್ಲಿ ಅವನಿಗೆ ಹೊಲವೂ ಇದೆ, ಮನೆಯೂ ಇದೆ. ಹಗಲಲ್ಲಿ ಅವನ ಹೊಲಕ್ಕೆ ನುಗ್ಗಿ ಸಿಕ್ಕಿಬಿದ್ದರೆ 10 ಶೆಕೆಲ್ ದಂಡ, ರಾತ್ರಿ ಸಿಕ್ಕಿಬಿದ್ದರೆ ಜೀವವೇ ಹೋಗುತ್ತದೆ.

‘ಪ್ರಜೆ’ ಅನ್ನೋಣ ಅಂದರೆ ಅವೀಲುಮ್ ಕೂಡ ಪ್ರಜೆಯೇ. ‘ಸಾಮಾನ್ಯ’ ಅನ್ನಬಹುದು, ಆದರೆ ತೀರ ಸಪ್ಪೆ. ಪದದ ಬುಡದಲ್ಲಿರುವುದು ‘ಅಡ್ಡಬೀಳು’ ಅನ್ನುವ ಕ್ರಿಯೆ, ಆ ಬಾಗುವಿಕೆ ‘ಸಾಮಾನ್ಯ’ದಲ್ಲಿ ಸ್ವಲ್ಪವೂ ಇಲ್ಲ. ವಿದ್ವಾಂಸರಲ್ಲೂ ಎರಡು ಗುಂಪಿದೆ. ಒಂದು ಗುಂಪು ಇವರನ್ನು ಅರಮನೆಯನ್ನು ನೆಚ್ಚಿಕೊಂಡವರು ಅನ್ನುತ್ತದೆ, ಇನ್ನೊಂದು ಅರಮನೆಗೆ ಸೇರದ ಊರ ಜನ ಅನ್ನುತ್ತದೆ. ಮೊದಲಿನದೇ ಸರಿಯಾಗಿದ್ದರೆ ‘ಒಕ್ಕಲು’ ಅನ್ನುವ ಪದದ ಮೇಲೆ ನನಗೆ ಆಸೆ. ಮಾದಪ್ಪನ ಒಕ್ಕಲು ಅನ್ನೋ ಹಾಗೆ ಅರಮನೆಯ ಒಕ್ಕಲು. ಒಬ್ಬರ ಆಸರೆಯಲ್ಲಿದ್ದೂ ಸ್ವಂತ ಮನೆಮಠ ಇರುವವನು ಅನ್ನುವುದು ಅದರಲ್ಲಿ ಬಂದುಬಿಡುತ್ತದೆ. ಆದರೆ ಒಕ್ಕಲು ಅಂದ ಕೂಡಲೇ ಮಕ್ಕಳಿಗೆ ಬೇಸಾಯ ಕಣ್ಣಿಗೆ ಬರುತ್ತೆ, ಎಲ್ಲ ಮುಶ್ಕೇನುಮ್‌ಗಳೂ ರೈತರೇ ಆಗಿರಬೇಕಿಲ್ಲ. ‘ಊಳಿಗದವನು’ ಅಂದರೆ ಗುಲಾಮನಿಗೆ ತೀರ ಹತ್ತಿರವಾಗುತ್ತದೆ.

ಇನ್ನೊಂದು ದಾರಿಯೂ ಇದೆ, ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಅದೇ. ಈ ಪದ ಸತ್ತಿಲ್ಲ! ಅಕ್ಕಾಡಿಯನ್‌ನಿಂದ ಅರಾಮಿಕ್‌ಗೆ, ಅಲ್ಲಿಂದ ಅರಬ್ಬಿಗೆ ಹೋಗಿ ‘ಮಿಸ್ಕೀನ್’ ಆಯಿತು. ಖುರಾನಿನಲ್ಲಿ ದಾನ ಯಾರಿಗೆ ಸಲ್ಲಬೇಕು ಅನ್ನುವಲ್ಲಿ ಫಕೀರರ ಜೊತೆಗೇ ಮಿಸ್ಕೀನರೂ ಬರುತ್ತಾರೆ. ಅರಬ್ಬಿಯಿಂದ ಇಟಾಲಿಯನ್, ಫ್ರೆಂಚ್‌ಗಳಿಗೂ ದಾಟಿ ಫ್ರೆಂಚಿನಲ್ಲಿ ‘ಮೆಸ್ಕ್ಯಾಂ’ ಅಂದರೆ ಸಣ್ಣ ಮನಸ್ಸಿನವನು, ಜಿಪುಣ ಅಂತಾಗಿದೆ. ಇತ್ತ ಪಾರಸಿ, ಉರ್ದು ದಾಟಿ ನಮ್ಮ ಬಾಗಿಲಿಗೇ ಬಂದಿದೆ. ದಾರಿಯಲ್ಲಿ ನಡುವಿನ ದರ್ಜೆ ಕಳೆದುಹೋಗಿ ಪಾಪದವನು, ದಿಕ್ಕಿಲ್ಲದವನು ಅನ್ನುವ ಅರ್ಥ ಅಂಟಿಕೊಂಡಿದೆ. ಹಾಗಾಗಿ ಮಿಸ್ಕೀನನನ್ನೇ ನೇರವಾಗಿ ತಂದು ಕೂರಿಸಿದರೆ ಮತ್ತೆ ‘ಬಡವ’ನ ಹತ್ತಿರಕ್ಕೇ ಬಂದು ನಿಲ್ಲುತ್ತೇವೆ.

ಸದ್ಯಕ್ಕೆ ನಾನು ‘ಮುಶ್ಕೇನ’ ಅಂತಲೇ ಇಟ್ಟಿದ್ದೇನೆ. ಕೊನೆಯ ‘ಉಮ್’ ಬರೀ ವಿಭಕ್ತಿ ಪ್ರತ್ಯಯ, ಅದನ್ನು ತೆಗೆದರೆ ಮುಶ್ಕೇನ, ಮುಶ್ಕೇನರು, ಮುಶ್ಕೇನನಿಗೆ ಅಂತ ಕನ್ನಡದಲ್ಲಿ ಸಲೀಸಾಗಿ ಓಡುತ್ತದೆ. ಮೊದಲ ಸಲ ಬಂದಾಗ ‘ಅರಮನೆಯ ಒಕ್ಕಲು’ ಅಂತ ಪಕ್ಕದಲ್ಲಿ ಬರೆಯೋದು ಅಂದುಕೊಂಡಿದ್ದೇನೆ.

ಎರಡು ಪ್ರಶ್ನೆ. ಹಳೆಯ ಶಾಸನಗಳಲ್ಲೋ ನಿಮ್ಮ ಊರಿನ ಮಾತಿನಲ್ಲೋ, ಸ್ವಂತ ಆಸ್ತಿ ಇದ್ದೂ ದೊಡ್ಡವರ ಮುಂದೆ ಬಾಗಲೇಬೇಕಾದವನಿಗೆ ‘ಒಕ್ಕಲು’ಗಿಂತ ಒಳ್ಳೆಯ ಪದ ಇದೆಯೇ? ಮತ್ತೆ ಕಲಬುರಗಿ, ಬೀದರ್, ವಿಜಯಪುರದ ಕಡೆಯವರು ದಯವಿಟ್ಟು ಹೇಳಿ: ಮನೆಯಲ್ಲಿ ಕನ್ನಡವನ್ನೇ ಆಡುವವರ ಬಾಯಲ್ಲಿ ‘ಮಿಸ್ಕೀನ್’ ಬರುತ್ತದೆಯೇ, ಬಂದರೆ ಎಂಥವನನ್ನು ಕುರಿತು ಹಾಗನ್ನುತ್ತಾರೆ?