ಪೆಟ್ರೋಲ್ ಆವಿಯ ‘ಲೀಕ್’ ಅನ್ನು ಸೋರಿಕೆ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕಾರಿನ ಇಂಧನ ಆವಿ ನಿಯಂತ್ರಣ ವ್ಯವಸ್ಥೆಯಲ್ಲಿ ದೋಷ ಪತ್ತೆ ಮಾಡುವ ಬಗೆಯನ್ನು ಕುರಿತು, ಮೆಕ್ಯಾನಿಕ್ ಕೆಲಸ ಕಲಿಯುತ್ತಿರುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬಿಡಿಭಾಗಗಳ ಹೆಸರಿನ ವಿಷಯದಲ್ಲಿ ನನಗೆ ದೊಡ್ಡ ತಕರಾರಿಲ್ಲ. ಟ್ಯಾಂಕ್, ವಾಲ್ವ್, ಸೆನ್ಸರ್, ಕ್ಯಾನಿಸ್ಟರ್ ಎಂದೇ ಬರೆಯುತ್ತೇನೆ. ವಾಲ್ವನ್ನು ‘ಕವಾಟ’ ಮಾಡಿದರೆ ಗ್ಯಾರೇಜಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ತೊಡಕಿರುವುದು ದೋಷವನ್ನು ವರ್ಣಿಸುವ ಮಾತುಗಳಲ್ಲಿ. ಅಲ್ಲಿ ಪದ ತಪ್ಪಿದರೆ ಹುಡುಕುವ ಜಾಗವೇ ತಪ್ಪುತ್ತದೆ, ಸರಿಯಾಗಿದ್ದ ಭಾಗವನ್ನು ಬಿಚ್ಚಿ ಎಸೆಯುತ್ತಾರೆ. ಆದ್ದರಿಂದ ಈ ಪತ್ರ.

ಈ ವ್ಯವಸ್ಥೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ಕಾರು ನಿಂತಿದ್ದರೂ ಟ್ಯಾಂಕಿನೊಳಗಿನ ಪೆಟ್ರೋಲ್ ಆವಿಯಾಗುತ್ತಲೇ ಇರುತ್ತದೆ. ಆ ಆವಿ ಹೊರಗೆ ಹೋದರೆ ಬಿಸಿಲಿನಲ್ಲಿ ನೈಟ್ರೋಜನ್ ಆಕ್ಸೈಡುಗಳ ಜೊತೆ ಸೇರಿ ನೆಲಮಟ್ಟದ ಓಝೋನ್ ಹುಟ್ಟಿಸುತ್ತದೆ. ಅದನ್ನು ತಡೆಯಲು ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಯ ಕಾರುಗಳಿಂದ, ಮರುವರ್ಷ ಅಮೆರಿಕದಾದ್ಯಂತ ನಿಯಮ ಬಂತು. ಟ್ಯಾಂಕಿನ ಆವಿ ಕ್ಯಾನಿಸ್ಟರ್ ಎಂಬ ಒಂದು ಡಬ್ಬಿಗೆ ಹೋಗುತ್ತದೆ. ಡಬ್ಬಿಯ ತುಂಬ ಸಕ್ರಿಯ ಇದ್ದಿಲು. ಇದ್ದಿಲಿನ ಮೇಲ್ಮೈ ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಓಡುತ್ತಿರುವಾಗ ಪರ್ಜ್ ವಾಲ್ವ್ ತೆರೆದುಕೊಳ್ಳುತ್ತದೆ, ಎಂಜಿನ್ನಿನ ಸೆಳೆತಕ್ಕೆ ಹೊರಗಿನ ಗಾಳಿ ವೆಂಟ್ ವಾಲ್ವಿನ ದಾರಿಯಲ್ಲಿ ಡಬ್ಬಿಯೊಳಗೆ ನುಗ್ಗಿ, ಆವಿಯನ್ನು ಹೊತ್ತುಕೊಂಡು ಎಂಜಿನ್ನಿಗೆ ಹೋಗಿ ಉರಿಯುತ್ತದೆ. ಇಷ್ಟೇ. ‘ಹಬೆ’ ಎಂದು ಬರೆಯದೆ ‘ಆವಿ’ ಎಂದು ಬರೆಯುತ್ತಿದ್ದೇನೆ. ಹಬೆ ಎಂದರೆ ಕುದಿಯುವ ನೀರು ಕಣ್ಣಿಗೆ ಬರುತ್ತದೆ, ಇಲ್ಲಿ ಯಾವುದೂ ಕುದಿಯುವುದಿಲ್ಲ. ಇದರಲ್ಲಿ ಚರ್ಚೆಗೇನೂ ಇಲ್ಲವೆಂದುಕೊಂಡಿದ್ದೇನೆ.

ಈಗ ಮುಖ್ಯ ಪ್ರಶ್ನೆ. ಕಾರಿನ ಕಂಪ್ಯೂಟರ್ ಈ ವ್ಯವಸ್ಥೆಯನ್ನು ಆಗಾಗ ತಾನೇ ಪರೀಕ್ಷಿಸಿಕೊಂಡು, ಲೋಪ ಕಂಡರೆ ಒಂದು ಕೋಡ್ ದಾಖಲಿಸಿ ಎಂಜಿನ್ ದೀಪ ಹೊತ್ತಿಸುತ್ತದೆ. ಪಿ0455 ಎಂದರೆ ದೊಡ್ಡ ‘ಲೀಕ್’, ಪಿ0442 ಎಂದರೆ ಸಣ್ಣದು, ಪಿ0456 ಎಂದರೆ ಅತಿ ಸಣ್ಣದು. ಅನುವಾದಿಸುವವರೆಲ್ಲ ಕಣ್ಣು ಮುಚ್ಚಿ ‘ಸೋರಿಕೆ’ ಎನ್ನುತ್ತಾರೆ. ‘ಅತಿ ಸಣ್ಣ ಸೋರಿಕೆ’ ಎಂದು ಓದಿದ ಹುಡುಗ ಮೊದಲು ಮಾಡುವ ಕೆಲಸ ಕಾರಿನ ಕೆಳಗೆ ಬಗ್ಗಿ ನೆಲ ಒದ್ದೆಯಾಗಿದೆಯೇ ಎಂದು ನೋಡುವುದು. ನೆಲ ಒಣಗಿರುತ್ತದೆ. ಕೋಡ್ ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸಿ ಅದನ್ನು ಅಳಿಸಿಬಿಡುತ್ತಾನೆ.

ಕಂಪ್ಯೂಟರ್ ಪರೀಕ್ಷಿಸುವ ರೀತಿಯೇ ಬೇರೆ. ಹಲವು ಕಾರುಗಳಲ್ಲಿ ಅದು ವೆಂಟ್ ವಾಲ್ವನ್ನು ಮುಚ್ಚಿ, ಪರ್ಜ್ ವಾಲ್ವನ್ನು ತೆರೆದು, ಎಂಜಿನ್ನಿನ ಸೆಳೆತದಿಂದ ಟ್ಯಾಂಕಿನೊಳಗಿನ ಒತ್ತಡವನ್ನು ಸ್ವಲ್ಪ ಇಳಿಸುತ್ತದೆ. ಬಳಿಕ ಪರ್ಜ್ ವಾಲ್ವನ್ನೂ ಮುಚ್ಚಿ, ಇಳಿದ ಒತ್ತಡ ಹಾಗೆಯೇ ನಿಲ್ಲುತ್ತದೆಯೇ ಎಂದು ಕಾಯುತ್ತದೆ. ನಿಲ್ಲದೆ ಮೆಲ್ಲಗೆ ಮೇಲೇರಿದರೆ ಎಲ್ಲೋ ಹೊರಗಿನ ಗಾಳಿ ಒಳಗೆ ಬರುತ್ತಿದೆ ಎಂದರ್ಥ. ಒತ್ತಡ ಇಳಿಯುವುದೇ ಇಲ್ಲವಾದರೆ ದೊಡ್ಡ ಲೋಪ. ಅಂದರೆ ಪರೀಕ್ಷೆಯ ಹೊತ್ತಿನಲ್ಲಿ ಏನೂ ಹೊರಗೆ ಸೋರುತ್ತಿಲ್ಲ. ಗಾಳಿ ಒಳಕ್ಕೆ ನುಸುಳುತ್ತಿದೆ. ನಮ್ಮಲ್ಲಿ ಸೋರು, ಒಸರು, ಜಿನುಗು, ತೊಟ್ಟಿಕ್ಕು ಎಂದು ಎಷ್ಟೊಂದು ಚಂದದ ಮಾತುಗಳಿವೆ, ಆದರೆ ಎಲ್ಲವೂ ಒದ್ದೆಯ ಮಾತುಗಳು.

‘ಅನಿಲ ಸೋರಿಕೆ ಎಂದು ಪತ್ರಿಕೆಗಳು ದಿನವೂ ಬರೆಯುತ್ತವಲ್ಲ’ ಎಂದು ನೀವು ಕೇಳುವುದು ನನಗೆ ಗೊತ್ತು. ಮಾಳಿಗೆ ಸೋರುವಾಗ ನೀರು ಒಳಕ್ಕೇ ಬರುತ್ತದೆ, ಹಾಗಾಗಿ ದಿಕ್ಕಿನ ಆಕ್ಷೇಪವೂ ನಿಲ್ಲುವುದಿಲ್ಲ ಎಂದು ಇನ್ನೊಬ್ಬರು ಹೇಳಬಹುದು. ಎರಡನ್ನೂ ಒಪ್ಪುತ್ತೇನೆ. ವ್ಯಾಕರಣದ ದೃಷ್ಟಿಯಿಂದ ಸೋರಿಕೆಗೆ ದೋಷವಿಲ್ಲ. ನನ್ನ ಅಂಜಿಕೆ ಇಷ್ಟೇ: ಇದೇ ಟ್ಯಾಂಕಿನಲ್ಲಿ ದ್ರವರೂಪದ ಪೆಟ್ರೋಲ್ ನಿಜವಾಗಿಯೂ ಸೋರಬಹುದು, ಅದು ಬೆಂಕಿಯ ಅಪಾಯ, ಕಾರನ್ನು ಅಲ್ಲಿಯೇ ನಿಲ್ಲಿಸಬೇಕಾದ ಸಂಗತಿ. ಮುಚ್ಚಳದ ರಬ್ಬರ್ ಉಂಗುರ ಸ್ವಲ್ಪ ಒಣಗಿದ್ದಕ್ಕೂ ಅದೇ ಪದ ಬಳಸಿದರೆ, ಒಂದೋ ಓದುಗ ವೃಥಾ ಗಾಬರಿಯಾಗುತ್ತಾನೆ, ಇಲ್ಲವೇ ನಿಜವಾದ ಅಪಾಯವನ್ನು ಹಗುರವಾಗಿ ಕಾಣುತ್ತಾನೆ.

ಹಾಗಾದರೆ ಬದಲಿಗೆ ಏನು? ಮೊದಲು ‘ತೂತು’ ಎಂದು ಬರೆದು ನೋಡಿದೆ. ಅದಕ್ಕೆ ಒಳ್ಳೆಯ ಆಧಾರವೂ ಇದೆ. ನಿಯಮಗಳೇ ಈ ಲೋಪವನ್ನು ತೂತಿನ ವ್ಯಾಸದಿಂದ ಅಳೆಯುತ್ತವೆ: ಅಮೆರಿಕದಲ್ಲಿ 1990ರ ದಶಕದ ನಡುವಿನಲ್ಲಿ ಬಂದ ನಿಯಮದಂತೆ ಸುಮಾರು 1 ಮಿಲಿಮೀಟರ್ ವ್ಯಾಸದ ತೂತಿಗೆ ಸಮನಾದ ಲೋಪವನ್ನು ಕಾರು ತಾನೇ ಪತ್ತೆ ಮಾಡಬೇಕಿತ್ತು, 2000ದ ಹೊತ್ತಿಗೆ ಆ ಅಳತೆ ಅರ್ಧ ಮಿಲಿಮೀಟರಿಗೆ ಇಳಿಯಿತು. ಅರ್ಧ ಮಿಲಿಮೀಟರ್ ಎಂದರೆ ಸೂಜಿಯ ಮೊನೆ ತೂರುವಷ್ಟು. ‘ಅತಿ ಸಣ್ಣ ತೂತು’ ಎಂದರೆ ಚಿತ್ರ ಸ್ಪಷ್ಟ. ಆದರೆ ತೂತು ಎಂದೊಡನೆ ಓದುಗ ಕೊಳವೆಯಲ್ಲಿ ತೂತು ಹುಡುಕತೊಡಗುತ್ತಾನೆ. ಎಷ್ಟೋ ಸಲ ತೂತೇ ಇರುವುದಿಲ್ಲ. ಟ್ಯಾಂಕಿನ ಮುಚ್ಚಳ ಸರಿಯಾಗಿ ತಿರುಗಿಸಿರುವುದಿಲ್ಲ, ಅದರ ರಬ್ಬರ್ ಬಿರುಕು ಬಿಟ್ಟಿರುತ್ತದೆ, ಕೊಳವೆ ಸೇರುವ ಕಡೆ ಸಡಿಲವಾಗಿರುತ್ತದೆ, ಅಥವಾ ವೆಂಟ್ ವಾಲ್ವಿನ ಬಾಯಲ್ಲಿ ಧೂಳು ಕೂತು ಅದು ಪೂರ್ತಿ ಮುಚ್ಚುತ್ತಿರುವುದಿಲ್ಲ. ಮುಚ್ಚಳ ಸಡಿಲವಾಗಿರುವ ಅನುಮಾನಕ್ಕೆಂದೇ ಪಿ0457 ಎಂಬ ಪ್ರತ್ಯೇಕ ಕೋಡ್ ಇದೆ ಎಂದರೆ ಅದು ಎಷ್ಟು ಸಾಮಾನ್ಯ ಎಂದು ಊಹಿಸಿ.

ಸದ್ಯಕ್ಕೆ ನನ್ನ ಮನಸ್ಸು ವಾಲಿರುವುದು ‘ಬಿಗಿ ತಪ್ಪಿದೆ’ ಎಂಬ ಮಾತಿನ ಕಡೆಗೆ. ‘ವ್ಯವಸ್ಥೆಯ ಬಿಗಿ ತಪ್ಪಿದೆ, ಪ್ರಮಾಣ ಅತಿ ಸಣ್ಣದು’ ಎಂದರೆ ತೂತು, ಬಿರುಕು, ಸಡಿಲ ಮೂರೂ ಅದರಲ್ಲಿ ಅಡಗುತ್ತವೆ, ದಿಕ್ಕಿನ ಗೊಂದಲವಿಲ್ಲ, ಒದ್ದೆಯ ನೆನಪೂ ಇಲ್ಲ. ಸೋರಿಕೆ ಎಂಬುದನ್ನು ದ್ರವ ಪೆಟ್ರೋಲಿಗೆ ಮಾತ್ರ ಮೀಸಲಿಡಬಹುದು. ಒಂದೇ ಕೊರತೆ, ಇದು ನಾಮಪದವಾಗುವುದಿಲ್ಲ. ‘ಬಿಗಿತಪ್ಪು’ ಎಂದು ಕೂಡಿಸಿ ಬರೆದರೆ ಯಾರೋ ಬಿಗಿಯಾಗಿ ತಪ್ಪು ಮಾಡಿದಂತೆ ಕೇಳಿಸುತ್ತದೆ. ಪಟ್ಟಿಯ ತಲೆಬರಹದಲ್ಲಿ ಹಾಕಲು ಒಂದು ನಾಮಪದ ಬೇಕು. ನಿಮಗೆ ಏನಾದರೂ ಹೊಳೆಯುತ್ತದೆಯೇ?

ಇದೇ ಗೊಂದಲದ ಇನ್ನೊಂದು ಮುಖ ಪರ್ಜ್ ವಾಲ್ವಿನದು. ಅದು ಮುಚ್ಚಿರಬೇಕಾದಾಗಲೂ ಒಳಗೊಳಗೇ ಗಾಳಿ ಬಿಡುತ್ತಿದ್ದರೆ ಅದನ್ನೂ ಗ್ಯಾರೇಜಿನಲ್ಲಿ ‘ಲೀಕ್ ಆಗುತ್ತಿದೆ’ ಎನ್ನುತ್ತಾರೆ. ಹೊರಗಿನಿಂದ ಎಷ್ಟು ಹುಡುಕಿದರೂ ಈ ‘ಲೀಕ್’ ಸಿಗುವುದಿಲ್ಲ, ಏಕೆಂದರೆ ಅದು ವ್ಯವಸ್ಥೆಯ ಒಳಗಿನ ಒಂದು ಕೋಣೆಯಿಂದ ಇನ್ನೊಂದಕ್ಕೆ. ಲಕ್ಷಣಗಳೂ ಬೇರೆ: ಪೆಟ್ರೋಲ್ ತುಂಬಿಸಿದ ತಕ್ಷಣ ಎಂಜಿನ್ ಹೊತ್ತಿಕೊಳ್ಳಲು ಸತಾಯಿಸುತ್ತದೆ, ನಿಂತಲ್ಲಿ ಓಡುವಾಗ ತಡವರಿಸುತ್ತದೆ, ಕೋಡ್ ಬಂದರೆ ಪಿ0496 ಬರಬಹುದು. ಪರೀಕ್ಷೆ ಸುಲಭ. ವಾಲ್ವಿನ ವಿದ್ಯುತ್ ಜೋಡಣೆ ಕಳಚಿ, ಡಬ್ಬಿಯ ಕಡೆಯ ಕೊಳವೆ ತೆಗೆದು, ಎಂಜಿನ್ ಓಡುತ್ತಿರುವಾಗ ವಾಲ್ವಿನ ಬಾಯಿಗೆ ಬೆರಳಿಟ್ಟರೆ ಸೆಳೆತ ತಿಳಿಯಬಾರದು. ತಿಳಿದರೆ ಅದು ಪೂರ್ತಿ ಮುಚ್ಚುತ್ತಿಲ್ಲ. (ಜೋಡಣೆ ಕಳಚಿದ್ದಕ್ಕೇ ಇನ್ನೊಂದು ಕೋಡ್ ಬರುತ್ತದೆ, ಅದನ್ನು ಕೊನೆಗೆ ಅಳಿಸಬೇಕು.) ಇದಕ್ಕೆ ‘ಒಳಸೋರಿಕೆ’ ಎಂಬ ಪದವನ್ನು ಗೆಳೆಯರೊಬ್ಬರು ಸೂಚಿಸಿದರು. ಅದರ ಬದಲು ‘ಪೂರ್ತಿ ಮುಚ್ಚುತ್ತಿಲ್ಲ’ ಎಂಬ ಸರಳ ವಾಕ್ಯವೇ ನನಗೆ ಇಷ್ಟ. ಏನನ್ನು ಬದಲಿಸಬೇಕು ಎಂಬುದು ಅದರಲ್ಲೇ ಇದೆ.

ಪರ್ಜ್‌ಗೆ ನಿಘಂಟಿನಲ್ಲಿ ಸಿಗುವುದು ಶುದ್ಧೀಕರಣ, ವಿರೇಚನ. ವಿರೇಚನ ವಾಲ್ವ್ ಎಂದು ಬರೆಯುವ ಧೈರ್ಯ ನನಗಿಲ್ಲ. ಕಾರಿಗೆ ಹರಳೆಣ್ಣೆ ಕುಡಿಸಿದಂತಾಗುತ್ತದೆ. ಶುದ್ಧೀಕರಣವೂ ದಾರಿ ತಪ್ಪಿಸುತ್ತದೆ, ಈ ವಾಲ್ವ್ ಏನನ್ನೂ ಶೋಧಿಸುವುದಿಲ್ಲ. ‘ಪರ್ಜ್’ ಎಂದೇ ಉಳಿಸಿದ್ದೇನೆ. ವೆಂಟ್‌ಗೆ ಮಾತ್ರ ‘ಗಾಳಿಗಿಂಡಿ’ ಹೊಂದುತ್ತದೆ ಎನಿಸುತ್ತದೆ. ಗಾಳಿಗಿಂಡಿ ಕಟ್ಟಿಕೊಂಡರೆ ಹಲವು ಕಾರುಗಳಲ್ಲಿ ಪೆಟ್ರೋಲ್ ತುಂಬಿಸುವಾಗ ನಳಿಗೆ ಪದೇ ಪದೇ ತಾನಾಗಿ ನಿಲ್ಲುತ್ತದೆ, ಜೇಡ ಬಲೆ ಕಟ್ಟಿದ್ದಕ್ಕೂ ಹೀಗಾಗುತ್ತದೆ ಎಂದು ಬರೆದರೆ ವಿವರಣೆಯೇ ಬೇಕಾಗುವುದಿಲ್ಲ.

ಇನ್ನೊಂದು ಅನುವಾದ ನನ್ನ ನಿದ್ದೆ ಕೆಡಿಸಿದೆ. ಪರ್ಜ್ ವಾಲ್ವ್ ‘ನಾರ್ಮಲಿ ಕ್ಲೋಸ್ಡ್’, ವೆಂಟ್ ವಾಲ್ವ್ ‘ನಾರ್ಮಲಿ ಓಪನ್’ ಜಾತಿಯವು. ಎಲ್ಲ ಕಡೆ ಇದು ‘ಸಾಮಾನ್ಯವಾಗಿ ಮುಚ್ಚಿರುವ’, ‘ಸಾಮಾನ್ಯವಾಗಿ ತೆರೆದಿರುವ’ ಎಂದಾಗಿದೆ. ಕನ್ನಡದಲ್ಲಿ ಸಾಮಾನ್ಯವಾಗಿ ಎಂದರೆ ಬಹುಪಾಲು ಹೊತ್ತು. ಆದರೆ ರಸ್ತೆಯಲ್ಲಿ ಓಡುವ ಬಿಸಿ ಎಂಜಿನ್ನಿನಲ್ಲಿ ಪರ್ಜ್ ವಾಲ್ವ್ ಬಹುಪಾಲು ಹೊತ್ತು ತೆರೆಯುತ್ತ ಮುಚ್ಚುತ್ತ ಕೆಲಸದಲ್ಲೇ ಇರುತ್ತದೆ. ‘ಸಾಮಾನ್ಯವಾಗಿ ಮುಚ್ಚಿರಬೇಕಾದದ್ದು ಟಕಟಕ ಸದ್ದು ಮಾಡುತ್ತಿದೆ, ಕೆಟ್ಟಿದೆ’ ಎಂದು ಕಲಿಯುವವನು ತೀರ್ಮಾನಿಸಿದರೆ ತಪ್ಪು ಅವನದಲ್ಲ. ಮೂಲದ ಅರ್ಥ ಇಷ್ಟೇ: ವಿದ್ಯುತ್ ಹರಿಯದಿದ್ದಾಗ ಅದು ಯಾವ ಸ್ಥಿತಿಯಲ್ಲಿರುತ್ತದೆ ಎಂಬುದು. ‘ವಿದ್ಯುತ್ ಇಲ್ಲದಾಗ ಮುಚ್ಚಿರುವ ವಾಲ್ವ್’ ಉದ್ದವಾಯಿತು, ನಿಜ. ‘ಮುಚ್ಚುನೆಲೆ’, ‘ತೆರೆನೆಲೆ’ ಎಂಬ ಜೋಡಿ ಹೊಸದಾಗಿ ಕಟ್ಟಿದ್ದು. ಕಿವಿಗೆ ಹೇಗಿದೆ ಎಂದು ಹೇಳಿ.

ನಿರ್ವಾತದ ಬಗ್ಗೆ ಚಿಕ್ಕ ಮಾತು. ಟ್ಯಾಂಕಿನಲ್ಲಿ ‘ನಿರ್ವಾತ ಉಂಟುಮಾಡುತ್ತದೆ’ ಎಂದು ಬರೆದರೆ ಗಾಳಿಯನ್ನೆಲ್ಲ ಖಾಲಿ ಮಾಡಿದಂತೆ. ಪರೀಕ್ಷೆಯಲ್ಲಿ ಒತ್ತಡ ಇಳಿಯುವುದು ಹೆಚ್ಚೆಂದರೆ 25 ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಆಸುಪಾಸಿನಷ್ಟು, ಅಂದರೆ ವಾತಾವರಣದ ಒತ್ತಡದ ನಲವತ್ತನೆಯ ಒಂದು ಭಾಗ. ಅದಕ್ಕೇ ಮೇಲೆಲ್ಲ ‘ಸೆಳೆತ’ ಎಂದು ಬರೆದಿದ್ದೇನೆ. ಬೆರಳಿಗೆ ತಿಳಿಯುವ ಸಂಗತಿಗೆ ಬೆರಳಿಗೆ ತಿಳಿಯುವ ಪದ. ಅಳತೆ ಕೊಡುವ ಕಡೆ ಮಾತ್ರ ‘ಒತ್ತಡದ ಇಳಿಕೆ’.

ಬಿಗಿ ತಪ್ಪಿದ ಜಾಗ ಕಣ್ಣಿಗೆ ಬೀಳದಿದ್ದಾಗ ಒಂದು ಯಂತ್ರದಿಂದ ವ್ಯವಸ್ಥೆಯೊಳಗೆ ಹೊಗೆ ತುಂಬಿಸಿ, ಎಲ್ಲಿ ಹೊರಬರುತ್ತದೆ ಎಂದು ನೋಡುತ್ತಾರೆ. ಇದಕ್ಕೆ ‘ಹೊಗೆ ಪರೀಕ್ಷೆ’ ಎಂದು ಬರೆಯುವಂತಿಲ್ಲ. ಆ ಹೆಸರು ಸೈಲೆನ್ಸರ್ ಕೊಳವೆಯ ತಪಾಸಣೆಗೆ ಆಗಲೇ ಅಂಟಿಕೊಂಡಿದೆ. ‘ಹೊಗೆಯೂಡಿ ನೋಡುವುದು’ ಎಂದು ಬರೆದಿದ್ದೇನೆ. ಊಡು ಎಂದರೆ ಉಣ್ಣಿಸು, ಒಳಗೆ ಕೊಡು. ಕೆಲಸ ಅದೇ ತಾನೆ. ಈ ಭಾಗದಲ್ಲಿ ಎಚ್ಚರಿಕೆಯ ಮಾತುಗಳು ಬಹಳ ಸ್ಪಷ್ಟವಾಗಿರಬೇಕು. ಒತ್ತಡ ನೀರಿನ ಕಂಬದ ಲೆಕ್ಕದಲ್ಲಿ 30-35 ಸೆಂಟಿಮೀಟರ್ ದಾಟಬಾರದು. ಟಯರಿಗೆ ಗಾಳಿ ತುಂಬುವ ಕಂಪ್ರೆಸರನ್ನು ನೇರವಾಗಿ ಜೋಡಿಸಿದರೆ ಟ್ಯಾಂಕಿನ ಜೋಡಣೆಗಳೇ ಕಿತ್ತುಹೋಗಬಹುದು. ಪೆಟ್ರೋಲ್ ಆವಿಯ ಜೊತೆ ಗಾಳಿ ಬೆರೆತರೆ ಸ್ಫೋಟದ ಅಪಾಯವೂ ಇದೆ, ಆದ್ದರಿಂದ ನೈಟ್ರೋಜನ್‌ನಂತಹ ಜಡ ಅನಿಲವನ್ನು ಬಳಸುವುದು ಕ್ಷೇಮ. ಇಲ್ಲಿ ‘ಜಡ ಅನಿಲ’ ಎಂದರೆ ಪಠ್ಯಪುಸ್ತಕ ಓದಿದವರಿಗೆ ಹೀಲಿಯಂ, ನಿಯಾನ್ ಗುಂಪು ನೆನಪಾಗುತ್ತದೆ. ‘ಉರಿಯಲು ನೆರವಾಗದ ಅನಿಲ’ ಎಂದು ಬಿಡಿಸಿ ಬರೆಯಲೇ?

ಕೊನೆಯದು ‘ಡ್ರೈವ್ ಸೈಕಲ್’. ದುರಸ್ತಿಯಾದ ಕೂಡಲೇ ದೀಪ ಆರುವುದಿಲ್ಲ. ಕಂಪ್ಯೂಟರ್ ಸತತ ಮೂರು ಬಾರಿ ಪರೀಕ್ಷಿಸಿ ದೋಷವಿಲ್ಲವೆಂದು ಕಂಡ ಮೇಲೆ ಆರುತ್ತದೆ. ಈ ಪರೀಕ್ಷೆ ನಡೆಯಲು ಎಂಜಿನ್ ತಣ್ಣಗಿರುವಾಗ ಕಾರು ಹೊರಡಬೇಕು, ಹಲವು ಕಾರುಗಳಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಸುಮಾರು ಶೇ. 15ರಿಂದ 85ರ ನಡುವೆ ಇರಬೇಕು. ಟ್ಯಾಂಕ್ ಗಂಟಲ ಮಟ್ಟ ತುಂಬಿಸಿಕೊಂಡು ‘ದೀಪ ಇನ್ನೂ ಆರಲಿಲ್ಲ’ ಎಂದು ದೂರುವವರಿಗೆ ಇದನ್ನು ತಿಳಿಸಲೇಬೇಕು. ಒಂದು ಕರಡಿನಲ್ಲಿ ‘ಮೂರು ಚಾಲನಾ ಚಕ್ರಗಳ ನಂತರ ದೀಪ ಆರುತ್ತದೆ’ ಎಂದಿತ್ತು. ಓದಿದವರು ನಾಲ್ಕನೆಯ ಚಕ್ರಕ್ಕೆ ಏನಾಯಿತು ಎಂದು ಕೇಳಿದರು. ‘ಓಟ’ ಎಂದರೆ ಸಾಕೇ, ಅಥವಾ ತಣ್ಣಗಿನ ಎಂಜಿನ್ನಿನಿಂದ ಹೊರಟು ಮತ್ತೆ ತಣ್ಣಗಾಗುವವರೆಗಿನ ಇಡೀ ಸರಣಿಯನ್ನು ಹೇಳುವ ಪದ ಬೇರೆ ಇದೆಯೇ? ಹೊಲ ಉಳುವವರಲ್ಲಿ, ಗಾಣ ಆಡಿಸುವವರಲ್ಲಿ ಒಂದು ಸರದಿಯ ಕೆಲಸಕ್ಕೆ ಬಳಕೆಯಲ್ಲಿದ್ದ ಮಾತು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ‘ಬಿಗಿ ತಪ್ಪಿದೆ’ ಎಂಬುದಕ್ಕೆ ತಲೆಬರಹದಲ್ಲಿ ಬೇಕಾದ ಆ ನಾಮಪದ ಮಾತ್ರ ಉಳಿದೆಲ್ಲಕ್ಕಿಂತ ಮೊದಲು ಬೇಕಾಗಿದೆ. ಅಧ್ಯಾಯದ ಹೆಸರೇ ಅದು.